ತುಪ್ಪದ ಹನಿಯ ಕೆಳಗೆ ಬೆಳೆದ ಪ್ಲೇಗು

ಚಾಂದವಡಕ್ಕೆ ವರ್ಗವಾಗಿ ಬಂದ ಕನ್ನಡಿಗ ಮೊದಲು ಕಲಿಯುವ ಮರಾಠಿ ಪದ ‘ಕಾಂದಾ’ ಇರಬೇಕು. ಹುಬ್ಬಳ್ಳಿಯ ನಾವು ಉಳ್ಳಾಗಡ್ಡಿ ಅನ್ನುತ್ತೇವೆ, ಬೆಂಗಳೂರಿನವರು ಈರುಳ್ಳಿ, ಮಂಗಳೂರಿನವರು ನೀರುಳ್ಳಿ. ಇಲ್ಲಿ ಅದು ಕಾಂದಾ. ಹೆಸರುವಾಸಿಯಾದ ಲಾಸಲಗಾಂವ್ ಉಳ್ಳಾಗಡ್ಡಿ ಮಾರುಕಟ್ಟೆ ಇಲ್ಲಿಗೆ ಹತ್ತಿರ. ಮಾರುಕಟ್ಟೆಯಲ್ಲಿ ದರ ಬಿದ್ದ ದಿನ ನಮ್ಮ ಬ್ಯಾಂಕಿನ ಕೌಂಟರಿನ ಮುಂದೆ ನಿಂತವರ ಮುಖ ನೋಡಿಯೇ ಅದನ್ನು ಹೇಳಬಹುದು.

ನಾಶಿಕ್ ಜಿಲ್ಲೆಯ ಈ ತಾಲೂಕು ಊರು ಮುಂಬೈ–ಆಗ್ರಾ ರಸ್ತೆಯ ಮೇಲಿದೆ. ಅಹಿಲ್ಯಾಬಾಯಿ ಹೋಳ್ಕರ್ ಕಾಲದ ರಂಗಮಹಲು ಊರೊಳಗಿದೆ, ಗುಡ್ಡದಲ್ಲಿ ರೇಣುಕಾದೇವಿಯ ಗುಡಿಯಿದೆ. ಸವದತ್ತಿಯ ಎಲ್ಲಮ್ಮನಿಗೆ ನಡೆದುಕೊಳ್ಳುವ ಮನೆಯಿಂದ ಬಂದ ನನಗೆ ಆ ಹೆಸರು ಕೇಳಿ ಊರು ಅರ್ಧ ಪರಿಚಯವಾದಂತಾಯಿತು. ಉಳಿದರ್ಧ ಪರಿಚಯವಾದದ್ದು ಮಗಳ ಶಾಲೆಯ ಮರಾಠಿ ವಿಜ್ಞಾನ ಪುಸ್ತಕದಿಂದ.

ನಾನು ಓದಿದ್ದು ಬಿ.ಕಾಂ. ಹತ್ತನೆಯ ತರಗತಿಯ ನಂತರ ಜೀವಶಾಸ್ತ್ರದ ಪುಸ್ತಕ ಮುಟ್ಟಿದವನಲ್ಲ. ಮಗಳಿಗೆ ಪಾಠ ಹೇಳಿಕೊಡಲು ಕೂತಾಗ ‘ಪೇಶಿ’ ಎಂಬ ಪದ ಸಿಕ್ಕಿತು. ಕನ್ನಡದಲ್ಲಿ ಪೇಶಿ ಎಂದರೆ ಮಾಂಸಖಂಡ. ಮರಾಠಿಯಲ್ಲಿ ಪೇಶಿ ಎಂದರೆ ನಾವು ಜೀವಕೋಶ ಎನ್ನುವುದು. ನಮ್ಮ ‘ಕೋಶ’ಕ್ಕೆ ಬೊಕ್ಕಸ ಎಂಬ ಅರ್ಥವೂ ಉಂಟು, ಬ್ಯಾಂಕಿನವನಿಗೆ ಅದೇ ಹತ್ತಿರ. ಬ್ಯಾಕ್ಟೀರಿಯಕ್ಕೆ ಮರಾಠಿಯವರು ಜಿವಾಣೂ ಅನ್ನುತ್ತಾರೆ, ವೈರಸ್ಸಿಗೆ ವಿಷಾಣೂ. ಕನ್ನಡದಲ್ಲಿ ಸೂಕ್ಷ್ಮಾಣು, ಏಕಾಣುಜೀವಿ, ರೋಗಾಣು ಎಂದೆಲ್ಲ ಕರೆದು ನೋಡಿ ಕೊನೆಗೆ ಬ್ಯಾಕ್ಟೀರಿಯವನ್ನೇ ಉಳಿಸಿಕೊಂಡಿದ್ದೇವೆ. ಇದರಲ್ಲಿ ‘ರೋಗಾಣು’ ಎಂಬ ಪದ ನಮ್ಮ ಮನಸ್ಸನ್ನು ಸ್ವಲ್ಪ ಕೆಡಿಸಿದೆ. ಮೊಸರು ಮಾಡುವುದೂ ಬ್ಯಾಕ್ಟೀರಿಯವೇ, ಶೇಂಗಾ ಬೇರಿನ ಗಂಟಿನಲ್ಲಿ ಕೂತು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವುದೂ ಬ್ಯಾಕ್ಟೀರಿಯವೇ. 2016ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ, ಸರಾಸರಿ ಮನುಷ್ಯನ ಮೈಯಲ್ಲಿ ಅವನವೇ ಆದ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ, ಬ್ಯಾಕ್ಟೀರಿಯಗಳು ಸುಮಾರು 38 ಲಕ್ಷ ಕೋಟಿ. ನಮ್ಮ ಮೈಯೊಳಗೇ ವಲಸೆ ಬಂದವರ ಸಂಖ್ಯೆ ಮೂಲನಿವಾಸಿಗಳಿಗಿಂತ ಹೆಚ್ಚು.

ಜೀವಕೋಶ ನೋಡಬೇಕಾದರೆ ಎಲ್ಲ ಶಾಲೆಗಳಲ್ಲೂ ಉಳ್ಳಾಗಡ್ಡಿಯ ಒಳಪದರದ ತೆಳು ಸಿಪ್ಪೆ ಬೇಕು. ಅದನ್ನು ಗಾಜಿನ ಮೇಲೆ ಹರಡಿ, ಒಂದು ಹನಿ ಅಯೋಡಿನ್ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇಟ್ಟಿಗೆ ಗೋಡೆಯಂತೆ ಸಾಲು ಸಾಲು ಕೋಶಗಳು ಕಾಣುತ್ತವೆ, ಒಂದೊಂದರೊಳಗೆ ಒಂದೊಂದು ಚುಕ್ಕೆಯಂಥ ಕೋಶಕೇಂದ್ರ. ಈ ಕೋಶಗಳ ಉದ್ದ ಒಂದು ಮಿಲಿಮೀಟರಿನ ಕಾಲು ಭಾಗದ ಆಸುಪಾಸು. ಬ್ಯಾಕ್ಟೀರಿಯವಾದರೋ ಒಂದೆರಡು ಮೈಕ್ರಾನು, ಅಂದರೆ ಮಿಲಿಮೀಟರಿನ ಸಾವಿರದ ಒಂದೆರಡು ಪಾಲು. ಉಳ್ಳಾಗಡ್ಡಿಯ ಒಂದು ಕೋಶದ ಉದ್ದಕ್ಕೆ ನೂರಕ್ಕೂ ಹೆಚ್ಚು ಬ್ಯಾಕ್ಟೀರಿಯಗಳನ್ನು ಸಾಲಾಗಿ ನಿಲ್ಲಿಸಬಹುದು. ಅದಕ್ಕೆ ಕೋಶಕೇಂದ್ರವಿಲ್ಲ, ಒಳಕೋಣೆಗಳಿಲ್ಲ. ಆದರೂ ಅದು ಒಂದು ಪೂರ್ತಿ ಜೀವಕೋಶ. ತಿನ್ನುತ್ತದೆ, ಬೆಳೆಯುತ್ತದೆ, ಎರಡಾಗುತ್ತದೆ.

ಇಲ್ಲಿಯ ರೈತರು ಉಳ್ಳಾಗಡ್ಡಿಯನ್ನು ಗಾಳಿಯಾಡುವ ಉದ್ದನೆಯ ಚಾಳಿನಲ್ಲಿ ಇಡುತ್ತಾರೆ. ತೇವ ನಿಂತರೆ ಗಡ್ಡೆ ಕೊಳೆತು ಲೋಳೆಯಾಗುತ್ತದೆ. ಯಾಕೆ ಲೋಳೆ ಎಂಬುದು ನನಗೆ ಗೊತ್ತಾದದ್ದು ಪುಸ್ತಕ ಓದಿದ ಮೇಲೆ. ಕೋಶಕ್ಕೂ ಕೋಶಕ್ಕೂ ನಡುವೆ ಅಂಟಿನಂತೆ ಪೆಕ್ಟಿನ್ ಎಂಬ ವಸ್ತು ಇರುತ್ತದೆ. ಮೆತು ಕೊಳೆ ತರುವ ಬ್ಯಾಕ್ಟೀರಿಯ ಆ ಅಂಟನ್ನೇ ಕರಗಿಸಿಬಿಡುತ್ತದೆ. ಇಟ್ಟಿಗೆಗಳ ನಡುವಿನ ಗಾರೆ ಹೋದ ಮೇಲೆ ಗೋಡೆ ನಿಲ್ಲುವುದು ಹೇಗೆ?

ಇಷ್ಟು ತಿಳಿದ ಮೇಲೆ ನನಗೆ ಹತ್ತಿದ ಪ್ರಶ್ನೆ ಬೇರೆ. ಕಣ್ಣಿಗೆ ಕಾಣದ ಈ ಜೀವಿಯನ್ನು ಜನ ನಂಬಿದ್ದು ಯಾವಾಗ? ಕಂಡವರು ಕಂಡರು ಸರಿ, ಕಾಣದವರು ಯಾರ ಮಾತಿನ ಮೇಲೆ ನಂಬಿದರು?

ಕಂಡ ಕತೆ ಶಾಲೆಯ ಪುಸ್ತಕದಲ್ಲಿದೆ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಬಿರಡೆಯ ತೊಗಟೆಯ ತೆಳುಚೂರಿನಲ್ಲಿ ಖಾಲಿ ಕೋಣೆಗಳನ್ನು ಕಂಡು ಅವಕ್ಕೆ ‘ಸೆಲ್’ ಎಂದ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತಾನೇ ಉಜ್ಜಿದ ಗಾಜಿನ ಮಣಿಯಲ್ಲಿ 1676ರಷ್ಟು ಹಿಂದೆಯೇ ಬ್ಯಾಕ್ಟೀರಿಯ ಕಂಡ, 1683ರಲ್ಲಿ ತನ್ನದೇ ಹಲ್ಲಿನ ಕೊಳೆಯಲ್ಲಿ ಮತ್ತೆ ಕಂಡ. ಅವು ರೋಗ ತರಬಲ್ಲವೆಂದು ತೋರಿಸಲು ಮತ್ತೆ ಇನ್ನೂರು ವರ್ಷ ಬೇಕಾಯಿತು. 1838–39ರಲ್ಲಿ ಶ್ಲೈಡನ್ ಮತ್ತು ಶ್ವಾನ್ ಗಿಡವೂ ಪ್ರಾಣಿಯೂ ಕೋಶಗಳಿಂದಲೇ ಆದವು ಎಂದರು. 1855ರಲ್ಲಿ ವಿರ್ಷೋ ಕೋಶ ಹುಟ್ಟುವುದು ಇನ್ನೊಂದು ಕೋಶದಿಂದಲೇ ಎಂದ. 1876ರಲ್ಲಿ ರಾಬರ್ಟ್ ಕಾಖ್ ದನಕರುಗಳ ಆಂಥ್ರಾಕ್ಸ್ ರೋಗಕ್ಕೆ ಇಂಥದೇ ಬ್ಯಾಕ್ಟೀರಿಯ ಕಾರಣವೆಂದು ಸಾಧಿಸಿದ, 1882ರಲ್ಲಿ ಕ್ಷಯದ ಬ್ಯಾಕ್ಟೀರಿಯವನ್ನು ಹಿಡಿದ, 1884ರ ಹೊತ್ತಿಗೆ ಕಲ್ಕತ್ತಾದಲ್ಲಿ ಕಾಲರಾದ ಹಿಂದೆ ಬಿದ್ದಿದ್ದ.

ನಂಬಿದ ಕತೆ ಪುಸ್ತಕದಲ್ಲಿರಲಿಲ್ಲ. ಅದನ್ನು ಹುಡುಕುತ್ತ ಹೋದಾಗ ಸಿಕ್ಕಿದ್ದು ಪ್ಲೇಗು. ಅದರ ದಾರಿ ಮುಂಬೈಯಿಂದ ನಾಶಿಕ್, ಪುಣೆ, ಹುಬ್ಬಳ್ಳಿ, ಬೆಂಗಳೂರು. ನಮ್ಮಂಥ ವಲಸಿಗರು ಓಡಾಡುವ ದಾರಿಯೇ ಅದು.

1894ರ ಜೂನಿನಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗು ಹಬ್ಬಿದ್ದಾಗ ಪಾಶ್ಚರ್ ಸಂಸ್ಥೆಯ ಶಿಷ್ಯ ಅಲೆಕ್ಸಾಂಡರ್ ಯೆರ್ಸಿನ್ ಹುಲ್ಲು ಹೊದಿಸಿದ ಗುಡಿಸಲಿನಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡು, ಸತ್ತವರ ಗಂಟಿನ ಕೀವಿನಲ್ಲಿ ಆ ಬ್ಯಾಕ್ಟೀರಿಯವನ್ನು ಗುರುತಿಸಿದ. ಜಪಾನಿನ ಕಿತಾಸಾಟೊ ಕೂಡ ಅದೇ ದಿನಗಳಲ್ಲಿ ಅದನ್ನೇ ಹುಡುಕುತ್ತಿದ್ದ. ಬಣ್ಣ ಹಾಕಿ ನೋಡಿದರೆ ಎರಡೂ ತುದಿ ಗಾಢವಾಗಿ, ನಡುವೆ ತೆಳುವಾಗಿ, ಸೇಫ್ಟಿ ಪಿನ್ನಿನಂತೆ ಕಾಣುವ ಗಿಡ್ಡ ಕಡ್ಡಿ ಅದು. ಇಂದು ಅದರ ಹೆಸರು ಯೆರ್ಸಿನಿಯ ಪೆಸ್ಟಿಸ್.

1896ರ ಸೆಪ್ಟೆಂಬರಿನಲ್ಲಿ ಮುಂಬೈಯ ಬಂದರಿನ ಹತ್ತಿರ, ಧಾನ್ಯದ ಗೋದಾಮುಗಳ ಮಾಂಡ್ವಿಯಲ್ಲಿ, ಗೋವಾ ಮೂಲದ ವೈದ್ಯ ಅಕಾಸಿಯೊ ವಿಯೆಗಾಸ್ ಇದು ಪ್ಲೇಗು ಎಂದು ಹೇಳಿದರು. ಮೊದಮೊದಲು ಆ ಮಾತು ಯಾರಿಗೂ ಬೇಡವಾಗಿತ್ತು, ವ್ಯಾಪಾರಸ್ಥರಿಗಂತೂ ಇಲ್ಲವೇ ಇಲ್ಲ. ಮುಂದಿನ ಕೆಲವು ತಿಂಗಳಲ್ಲಿ ಎಂಟು ಲಕ್ಷ ಜನರ ಆ ನಗರದ ಹೆಚ್ಚುಕಡಿಮೆ ಅರ್ಧದಷ್ಟು ಜನ ಊರು ಬಿಟ್ಟರು. ಹೋದವರು ಬಹುಪಾಲು ನಮ್ಮಂಥವರೇ: ಗಿರಣಿಗಳಿಗೆ, ಬಂದರಿಗೆ, ಅಂಗಡಿಗಳಿಗೆ ದುಡಿಯಲು ಬಂದವರು. ರೈಲು ಸಿಕ್ಕವರು ರೈಲಿನಲ್ಲಿ, ಸಿಗದವರು ನಡೆದುಕೊಂಡು ಹೊರಟರು. ಹೋಗುವಾಗ ಹಾಸಿಗೆ ಸುತ್ತಿಕೊಂಡು ಹೋದರು, ಗಂಟು ಕಟ್ಟಿಕೊಂಡು ಹೋದರು. ಆ ಗಂಟುಗಳ ಬಟ್ಟೆಯಲ್ಲಿ ಚಿಗಟ ಇರಬಹುದೆಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಇದೇ ನಡುವಿನ ಜಾಗ. ಬ್ಯಾಕ್ಟೀರಿಯ ಯಾವುದೆಂದು 1894ರಲ್ಲೇ ಗೊತ್ತಾಗಿತ್ತು, ಅದು ಮನುಷ್ಯನಿಗೆ ಹೇಗೆ ತಲುಪುತ್ತದೆ ಎಂಬುದು ಗೊತ್ತಿರಲಿಲ್ಲ. 1898ರಲ್ಲಿ ಕರಾಚಿಯಲ್ಲಿ ಪಾಲ್-ಲೂಯಿ ಸಿಮಾಂ ಎಂಬ ಫ್ರೆಂಚ್ ವೈದ್ಯ ಗಾಜಿನ ಜಾಡಿಯಲ್ಲಿ ಪ್ಲೇಗು ಬಡಿದ ಇಲಿಯನ್ನೂ ಆರೋಗ್ಯದ ಇಲಿಯನ್ನೂ ಒಂದಕ್ಕೊಂದು ಮುಟ್ಟದಂತೆ ಇಟ್ಟ. ಚಿಗಟ ಮಾತ್ರ ಹಾರಿಹೋಗಬಲ್ಲಷ್ಟು ದೂರ. ಆರೋಗ್ಯದ ಇಲಿಯೂ ಸತ್ತಿತು. ಇಲಿಯಿಂದ ಚಿಗಟಕ್ಕೆ, ಚಿಗಟದಿಂದ ಮನುಷ್ಯನಿಗೆ ಎಂದು ಅವನು ಹೇಳಿದ್ದನ್ನು ದೊಡ್ಡವರು ಒಪ್ಪಲಿಲ್ಲ. ಮುಂಬೈಯ ಪರೇಲಿನ ಪ್ರಯೋಗಾಲಯದಲ್ಲಿ ಹೊಸ ಆಯೋಗ ಅದನ್ನು ಖಚಿತ ಮಾಡುವ ಹೊತ್ತಿಗೆ 1906 ದಾಟಿತ್ತು. ಅಂದರೆ ಹತ್ತು ವರ್ಷಗಳ ಕಾಲ ಸರಕಾರ ಅರ್ಧ ತಿಳಿವಳಿಕೆಯನ್ನು ಕೈಯಲ್ಲಿ ಹಿಡಿದುಕೊಂಡು ಜನರ ಮನೆಗೆ ನುಗ್ಗಿತು.

ನುಗ್ಗಲು ಕಾನೂನೂ ಇತ್ತು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಒಂದೆರಡು ಪುಟದ ಕಾಯ್ದೆ. ಪ್ರಯಾಣಿಕರನ್ನು ತಡೆಯಬಹುದು, ತಪಾಸಣೆ ಮಾಡಬಹುದು, ಬೇರೆ ಇರಿಸಬಹುದು ಎನ್ನುತ್ತಿತ್ತು. ಪುಣೆಯಲ್ಲಿ ಪ್ಲೇಗ್ ಸಮಿತಿಯ ಮುಖ್ಯಸ್ಥನಾಗಿದ್ದ ರ‍್ಯಾಂಡ್ ಮನೆಮನೆ ಶೋಧಕ್ಕೆ ಸೈನಿಕರನ್ನು ಬಿಟ್ಟ. ಅಡುಗೆಮನೆ, ದೇವರಮನೆ ಎನ್ನದೆ ಒಳಹೊಕ್ಕರು, ಹೆಂಗಸರ ಮೈ ತಪಾಸಣೆಯ ಬಗ್ಗೆ ಊರೆಲ್ಲ ಸಿಟ್ಟಾಯಿತು. 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ‍್ಯಾಂಡನಿಗೆ ಗುಂಡು ಹೊಡೆದರು. ಸಿಟ್ಟು ಪುಣೆಗೆ ಮಾತ್ರ ಸೀಮಿತವಾಗಿರಲಿಲ್ಲ. 1898ರ ಜನವರಿಯಲ್ಲಿ ನಮ್ಮ ನಾಶಿಕ್ ಜಿಲ್ಲೆಯ ಸಿನ್ನರಿನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಗಲಭೆಯೆದ್ದಿತು, ಮಾರ್ಚಿನಲ್ಲಿ ಮುಂಬೈಯಲ್ಲಿ.

ಅದೇ ಪುಣೆಯಲ್ಲಿ ಇನ್ನೊಂದು ಬಗೆಯ ಕೆಲಸವೂ ನಡೆದಿತ್ತು. ಸಾವಿತ್ರಿಬಾಯಿ ಫುಲೆಯವರ ಮಗ, ವೈದ್ಯ ಯಶವಂತ ಊರ ಹೊರಗೆ ರೋಗಿಗಳಿಗೆ ಆಸ್ಪತ್ರೆ ನಡೆಸುತ್ತಿದ್ದರು. ಸಾವಿತ್ರಿಬಾಯಿ ರೋಗಿಗಳ ಸೇವೆಗೆ ನಿಂತರು, ರೋಗ ಅವರಿಗೂ ತಗುಲಿತು, 1897ರ ಮಾರ್ಚ್ 10ರಂದು ತೀರಿಕೊಂಡರು. ಬ್ಯಾಕ್ಟೀರಿಯದ ವಿಷಯದಲ್ಲಿ ಸೈನಿಕರಿಗಿಂತ ಅವರಿಗೆ ಹೆಚ್ಚೇನೂ ಗೊತ್ತಿರಲಿಲ್ಲ. ಜನ ಅವರ ಬಳಿ ಬಂದರು, ಸೈನಿಕರನ್ನು ಕಂಡು ರೋಗಿಯನ್ನು ಬಚ್ಚಿಟ್ಟರು. ಬಚ್ಚಿಟ್ಟ ರೋಗಿಯಿಂದ ರೋಗ ಕಡಿಮೆಯಾಗುವುದಿಲ್ಲ ಎಂಬುದಕ್ಕೆ ಜೀವಶಾಸ್ತ್ರ ಬೇಕಿಲ್ಲ.

ಇಲ್ಲಿಗೆ ವಾಲ್ಡೆಮಾರ್ ಹಾಫ್ಕಿನ್ ಬರುತ್ತಾನೆ. ನನಗೆ ಈ ಮನುಷ್ಯ ಇಷ್ಟವಾಗಲು ಒಂದು ಕಾರಣ ಅವನೂ ಊರಿಲ್ಲದವನು ಎಂಬುದು. 1860ರಲ್ಲಿ ಕಪ್ಪು ಸಮುದ್ರದ ದಂಡೆಯ ಒಡೆಸ್ಸಾದಲ್ಲಿ ಯಹೂದಿ ಮನೆಯಲ್ಲಿ ಹುಟ್ಟಿ, ಪ್ಯಾರಿಸ್ಸಿಗೆ ಹೋಗಿ, 1893ರಲ್ಲಿ ಭಾರತಕ್ಕೆ ಬಂದ. ಅವನ ಗುರು ಇಲ್ಯಾ ಮೆಚ್ನಿಕೋವ್. ಈ ಗುರುವಿನ ಕೆಲಸದಲ್ಲೇ ಜೀವಕೋಶದ ಕತೆಯೂ ಬ್ಯಾಕ್ಟೀರಿಯದ ಕತೆಯೂ ಒಂದಾಗುತ್ತವೆ. 1882ರಲ್ಲಿ ಮೆಚ್ನಿಕೋವ್ ಇಟಲಿಯ ಮೆಸ್ಸಿನಾದಲ್ಲಿ, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿ ಬಿಟ್ಟ. ಮರುದಿನ ನೋಡಿದರೆ ಅಲೆದಾಡುವ ಜೀವಕೋಶಗಳು ಮುಳ್ಳನ್ನು ಸುತ್ತುವರಿದಿದ್ದವು. ನಮ್ಮ ರಕ್ತದ ಕೆಲವು ಬಿಳಿ ಕೋಶಗಳೂ ಹೊರಗಿನಿಂದ ಬಂದ ಬ್ಯಾಕ್ಟೀರಿಯವನ್ನು ಹೀಗೆಯೇ ಸುತ್ತುವರಿದು ನುಂಗುತ್ತವೆ. ಭಕ್ಷಕ ಕೋಶ ಎಂದು ಇವುಗಳ ಹೆಸರು.

ಪ್ಲೇಗಿನ ಬ್ಯಾಕ್ಟೀರಿಯದ ಚಾಲಾಕಿತನ ಇಲ್ಲೇ ಇದೆ. ಚಿಗಟದ ಹೊಟ್ಟೆಯ ತಂಪಿನಿಂದ ಮನುಷ್ಯನ ಮೈಯ 37 ಡಿಗ್ರಿಗೆ ಬಂದ ಕೂಡಲೇ ಅದು ಬೇರೆ ಆಯುಧಗಳನ್ನು ತಯಾರಿಸಿಕೊಳ್ಳುತ್ತದೆ. ಅದರ ಮೈಮೇಲೆ ಸೂಜಿಯಂಥ ಕೊಳವೆಗಳಿವೆ. ನುಂಗಲು ಬಂದ ಕೋಶಕ್ಕೆ ಆ ಸೂಜಿ ಚುಚ್ಚಿ, ಅದನ್ನು ನಿಷ್ಕ್ರಿಯಗೊಳಿಸುವ ಪ್ರೋಟೀನುಗಳನ್ನು ಒಳಗೆ ಬಿಡುತ್ತದೆ. ಇಂಜೆಕ್ಷನ್ ಕೊಡುವುದನ್ನು ನಮಗಿಂತ ಮೊದಲು ಕಲಿತದ್ದು ಅದು! ಕಾಲಿಗೆ ಚಿಗಟ ಕಚ್ಚಿದರೆ ತೊಡೆಸಂದಿಯ ಗ್ರಂಥಿ, ಕೈಗೆ ಕಚ್ಚಿದರೆ ಕಂಕುಳ ಗ್ರಂಥಿ ಊದಿಕೊಳ್ಳುತ್ತದೆ. ಹಿರಿಯರು ಹೇಳುತ್ತಿದ್ದ ಪ್ಲೇಗಿನ ಗಂಟು ಅದೇ. ಆ ಗಂಟು ನಮ್ಮ ಕೋಶಗಳು ಸೋತ ರಣರಂಗ.

ಮುಂಬೈಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಹಾಫ್ಕಿನ್ನನಿಗೆ ಕೆಲಸಕ್ಕೆ ಸ್ವಲ್ಪ ಜಾಗ ಸಿಕ್ಕಿತು. ಅವನ ಉಪಾಯ ಸರಳ: ಪ್ಲೇಗಿನ ಬ್ಯಾಕ್ಟೀರಿಯವನ್ನು ರಾಶಿಗಟ್ಟಲೆ ಬೆಳೆಸುವುದು, ಬಿಸಿ ಮಾಡಿ ಕೊಲ್ಲುವುದು, ಸತ್ತದ್ದನ್ನು ಚುಚ್ಚಿ ನಮ್ಮ ಕೋಶಗಳಿಗೆ ಶತ್ರುವಿನ ಗುರುತು ಹೇಳಿಕೊಡುವುದು. ಬೆಳೆಸಲು ಮಾಂಸದ ಸಾರು ಬೇಕು. ಗೋಮಾಂಸ ಎಂದರೆ ಹಿಂದೂಗಳು, ಹಂದಿ ಎಂದರೆ ಮುಸಲ್ಮಾನರು ಹತ್ತಿರ ಬರುವುದಿಲ್ಲ. ಅವನು ಆಡಿನ ಮಾಂಸದ ಸಾರು ಮಾಡಿದ. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟ. ಬ್ಯಾಕ್ಟೀರಿಯ ಆ ತುಪ್ಪದ ಹನಿಗೆ ಅಂಟಿಕೊಂಡು, ಗವಿಯ ಚಾವಣಿಯಿಂದ ಸುಣ್ಣದ ಕಲ್ಲು ಇಳಿಬಿದ್ದಂತೆ, ಎಳೆ ಎಳೆಯಾಗಿ ಕೆಳಗೆ ಬೆಳೆಯಿತು. ಪಾತ್ರೆ ಅಲುಗಿಸಿದರೆ ಎಳೆ ಉದುರಿ ತಳ ಸೇರುತ್ತದೆ, ಹನಿಯ ಕೆಳಗೆ ಹೊಸ ಬೆಳೆ. ನಾನು ಓದಿದ ವಿಜ್ಞಾನದಲ್ಲೆಲ್ಲ ಇಷ್ಟು ಮನೆಯ ವಾಸನೆಯ ಪ್ರಯೋಗ ಇನ್ನೊಂದು ಕಂಡಿಲ್ಲ. ಎದುರಿಗಿರುವ ಜನ ಏನು ತಿನ್ನುತ್ತಾರೆ, ಏನು ಮುಟ್ಟುವುದಿಲ್ಲ ಎಂದು ಯೋಚಿಸಿಯೇ ಆ ಮನುಷ್ಯ ಸಾರು ಕುದಿಸಿದ್ದ.

1897ರ ಜನವರಿ 10ರಂದು ಆ ಲಸಿಕೆಯನ್ನು ಮೊದಲು ಚುಚ್ಚಿಸಿಕೊಂಡವನು ಅವನೇ. ಮುಂದೆ ಜನರಿಗೆ ಕೊಡಲಿದ್ದುದಕ್ಕಿಂತ ಬಹಳ ಹೆಚ್ಚು ಪ್ರಮಾಣ. ಜ್ವರ ಬಂತು, ಚುಚ್ಚಿದ ಜಾಗ ನೋವಾಯಿತು, ಇಳಿಯಿತು. ಆಮೇಲೆ ಬೈಕಲಾ ಜೈಲಿನಲ್ಲಿ ಪ್ರಯೋಗ. ಖೋಜಾ ಸಮುದಾಯದ ಗುರು ಆಗಾ ಖಾನ್ ತಮ್ಮ ಜನರ ಕಣ್ಣೆದುರಿಗೇ ಚುಚ್ಚಿಸಿಕೊಂಡರು, ಒಂದಲ್ಲ, ಹಲವು ಸಲ. ಅವರ ಹಿಂದೆ ಸಾವಿರಾರು ಜನ ಬಂದರು. ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯ ಕಂಡು ಬಂದವರಲ್ಲ ಅವರು, ತಮ್ಮ ಗುರು ಬದುಕಿರುವುದನ್ನು ಕಂಡು ಬಂದವರು.

ಈ ಕತೆಯಲ್ಲಿ ನಮ್ಮ ಹುಬ್ಬಳ್ಳಿ ಬರುತ್ತದೆ ಎಂದು ಗೊತ್ತಾದಾಗ ನನಗೆ ಆಶ್ಚರ್ಯವಾಯಿತು. ಅಲ್ಲೇ ಹುಟ್ಟಿ ಬೆಳೆದರೂ ಯಾರೂ ಹೇಳಿರಲಿಲ್ಲ. ದಕ್ಷಿಣ ಮರಾಠಾ ರೈಲ್ವೆಯ ಕಾರ್ಯಾಗಾರ, ಹತ್ತಿ ವ್ಯಾಪಾರ, ನೇಕಾರರ ಓಣಿಗಳು ಇದ್ದ ಹುಬ್ಬಳ್ಳಿಯ ಜನಸಂಖ್ಯೆ ಆಗ ಐವತ್ತು ಸಾವಿರದ ಆಸುಪಾಸು. 1898ರಲ್ಲಿ ಅಲ್ಲಿ ಪ್ಲೇಗು ಭೀಕರವಾಯಿತು. ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಉಸ್ತುವಾರಿಯಲ್ಲಿ ಊರಿನ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹಾಫ್ಕಿನ್ ಲಸಿಕೆ ಹಾಕಿಸಿಕೊಂಡರು. ಇಷ್ಟು ದೊಡ್ಡ ಪಾಲಿನ ಜನ ಚುಚ್ಚಿಸಿಕೊಂಡ ಊರುಗಳು ಅಂದಿನ ಭಾರತದಲ್ಲಿ ಅಪರೂಪ. ಹಾಕಿಸಿಕೊಂಡವರಲ್ಲಿ ಸಾವು ಎಷ್ಟೋ ಕಡಿಮೆ ಎಂಬುದು ಹುಬ್ಬಳ್ಳಿ, ಧಾರವಾಡಗಳ ಲೆಕ್ಕದಲ್ಲಿ ಕಂಡಿತು. ಎಲ್ಲರೂ ಮನಸ್ಸಿನಿಂದಲೇ ಬಂದರು ಎಂದು ನಾನು ಹೇಳಲಾರೆ. ಲಸಿಕೆಯ ಚೀಟಿ ಇದ್ದವರಿಗೆ ಪ್ರಯಾಣದ ತಡೆಯಿಂದ, ಪ್ರತ್ಯೇಕವಾಸದ ನಿಯಮಗಳಿಂದ ವಿನಾಯಿತಿ ಇತ್ತು, ಅದೂ ಒಂದು ಬಗೆಯ ಒತ್ತಾಯವೇ. ಆದರೂ ಬಾಗಿಲು ಒದ್ದು ಒಳನುಗ್ಗುವುದಕ್ಕೂ, ಊರವರನ್ನು ಸಾಲಿನಲ್ಲಿ ನಿಲ್ಲುವಂತೆ ಒಪ್ಪಿಸುವುದಕ್ಕೂ ಅಂತರವಿದೆ. ಪಕ್ಕದ ಮನೆಯವನು ಚುಚ್ಚಿಸಿಕೊಂಡು ಉಳಿದದ್ದು ಕಂಡ ಮೇಲೆ ಸಾಲು ತಾನಾಗಿ ಬೆಳೆಯುತ್ತದೆ.

ಹುಬ್ಬಳ್ಳಿಯ ಕಡೆಯಿಂದ ರೈಲಿನ ದಾರಿಯಲ್ಲಿ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರು ತಲುಪಿತು. ಇಕ್ಕಟ್ಟಾದ ಪೇಟೆ ಬಿಟ್ಟು ಜನ ಬಯಲಿಗೆ ಹೋದರು, ಮಲ್ಲೇಶ್ವರ, ಬಸವನಗುಡಿಗಳು ತುಂಬಿಕೊಂಡದ್ದು ಆ ಭಯದಿಂದ. ಇಲಿ ಬಿದ್ದರೆ ಊರು ಬಿಡಬೇಕು ಎಂಬುದು ಹಳ್ಳಿಗಳಲ್ಲಿ ತಾನಾಗಿ ನಿಯಮವಾಯಿತು. ನಮ್ಮಜ್ಜಿ ತನ್ನ ತಾಯಿಯಿಂದ ಕೇಳಿದ್ದನ್ನು ಹೇಳುತ್ತಿದ್ದಳು: ಮನೆಯಲ್ಲಿ ಇಲಿ ಸತ್ತು ಬಿದ್ದ ದಿನವೇ ಎತ್ತಿನ ಗಾಡಿ ಕಟ್ಟಿ ಹೊಲಕ್ಕೆ ಹೋಗಿ, ಜೋಳದ ದಂಟಿನ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದರಂತೆ. ಚಿಗಟದ ಸಿದ್ಧಾಂತ ಪರೇಲಿನಲ್ಲಿ ಖಚಿತವಾಗುವ ಮೊದಲೇ ಹಳ್ಳಿಯವರು ಇಲಿಯ ಲೆಕ್ಕ ಹಿಡಿದಿದ್ದರು. ಚಿಗಟ ಬಿಟ್ಟುಹೋಗುವುದು ಸತ್ತು ತಣ್ಣಗಾದ ಇಲಿಯನ್ನು, ಆಮೇಲೆ ಅದು ಹುಡುಕುವುದು ಮನೆಯ ಮನುಷ್ಯರನ್ನು. ಆದ್ದರಿಂದ ಇಲಿ ಬಿದ್ದ ಮನೆ ಬಿಡುವುದು ಸರಿಯಾದ ಉಪಾಯವೇ ಆಗಿತ್ತು. ಪ್ಲೇಗಮ್ಮನ ಗುಡಿಗಳೂ ಆಗಲೇ ಹುಟ್ಟಿದವು, ಬೆಂಗಳೂರಿನಲ್ಲಿ ಇಂದಿಗೂ ಇವೆ. ಅಮ್ಮನಿಗೆ ಹಣ್ಣುಕಾಯಿ ಮಾಡಿಸಿದ ಕೈಯೇ ಚುಚ್ಚುಮದ್ದಿಗೂ ತೋಳು ಚಾಚಿರಬಹುದು. ಒಂದು ಇನ್ನೊಂದನ್ನು ತಡೆಯಿತು ಎಂದುಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ.

ನಂಬಿಕೆ ಕಟ್ಟಲು ವರ್ಷಗಳು ಬೇಕು, ಕೆಡಲು ಒಂದು ಬಾಟಲಿ ಸಾಕು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಒಂದೇ ಬಾಟಲಿಯಿಂದ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ಧನುರ್ವಾಯು ಇನ್ನೊಂದು ಬ್ಯಾಕ್ಟೀರಿಯದ ಕೆಲಸ, ಅದರ ಬೀಜಕಗಳು ಮಣ್ಣಿನಲ್ಲಿರುತ್ತವೆ. ದೋಷವನ್ನು ಹಾಫ್ಕಿನ್ನನ ಪ್ರಯೋಗಾಲಯದ ಮೇಲೆ ಹೊರಿಸಿ ಅವನನ್ನು ಕೆಲಸದಿಂದ ತೆಗೆದರು. ಸ್ಥಳದಲ್ಲಿ ಬಾಟಲಿಯ ಬಿರಡೆ ತೆಗೆಯುವ ಚಿಮಟ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧ ಮಾಡದೆ ಬಳಸಿದ್ದರು ಎಂಬ ಸಾಕ್ಷ್ಯ ಇತ್ತು. ರೊನಾಲ್ಡ್ ರಾಸ್‌ನಂಥವರು ಲಂಡನ್ನಿನ ಪತ್ರಿಕೆಗಳಲ್ಲಿ ಬರೆದು ಜಗಳವಾಡಿದ ಮೇಲೆ 1907ರಲ್ಲಿ ಅವನ ಮೇಲಿನ ಆರೋಪ ಹೋಯಿತು. ಅವನು ಭಾರತಕ್ಕೆ ಮರಳಿ ಕಲ್ಕತ್ತಾದಲ್ಲಿ ಕೆಲಸ ಮಾಡಿದ, 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ನಿನಲ್ಲಿ ತೀರಿಕೊಂಡ. ಪರೇಲಿನ ಪ್ರಯೋಗಾಲಯಕ್ಕೆ 1925ರಲ್ಲಿ ಅವನ ಹೆಸರಿಟ್ಟರು. 1896ರ ನಂತರದ ಮೂರು ದಶಕಗಳಲ್ಲಿ ಪ್ಲೇಗಿನಿಂದ ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು.

ಇದೆಲ್ಲ ಹಳೆಯ ಕತೆ ಎನ್ನುವವರಿಗೆ ಎರಡು ನೆನಪು ಹೇಳುತ್ತೇನೆ. 1994ರ ಆಗಸ್ಟಿನಲ್ಲಿ, ಇಲ್ಲಿಂದ ಛತ್ರಪತಿ ಸಂಭಾಜಿನಗರ ದಾಟಿದರೆ ಸಿಗುವ ಬೀಡ್ ಜಿಲ್ಲೆಯ ಮಾಮ್ಲಾ ಎಂಬ ಹಳ್ಳಿಯಲ್ಲಿ ಗಂಟಿನ ಪ್ಲೇಗು ಕಾಣಿಸಿತು. ಮುಂದಿನ ತಿಂಗಳು ಸೂರತ್ತಿನಲ್ಲಿ ಶ್ವಾಸಕೋಶದ ಪ್ಲೇಗು ಎಂಬ ಸುದ್ದಿ ಹಬ್ಬಿ, ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಕೂಲಿಕಾರರು ರೈಲು ಹತ್ತಿ ಊರಿಗೆ ಓಡಿದರು. ಆಗ ಟೆಟ್ರಾಸೈಕ್ಲಿನ್ ಮಾತ್ರೆ ಇತ್ತು. ಸಾವು ಹತ್ತಾರರಲ್ಲೇ ನಿಂತಿತು. ಭಯಕ್ಕೆ ಮಾತ್ರ ಮಾತ್ರೆ ಇರಲಿಲ್ಲ.

ಎರಡನೆಯದು ನಾನೇ ಕಂಡದ್ದು. 2020ರ ಏಪ್ರಿಲ್, ಮೇ ತಿಂಗಳಲ್ಲಿ ಬ್ಯಾಂಕು ತೆರೆದೇ ಇತ್ತು. ಹೆದ್ದಾರಿಯಲ್ಲಿ ಮುಂಬೈಯಿಂದ ಮಧ್ಯಪ್ರದೇಶದ ಕಡೆ ಜನ ನಡೆದು ಹೋಗುತ್ತಿದ್ದರು. ತಲೆಯ ಮೇಲೆ ಗಂಟು, ಹೆಗಲ ಮೇಲೆ ಮಗು. ಊರಿನವರು ರಸ್ತೆ ಬದಿಯಲ್ಲಿ ನೀರು, ಖಿಚಡಿ ಇಟ್ಟಿದ್ದರು. ಕೊಡುವವರು ದೂರ ನಿಂತು ಕೊಡುತ್ತಿದ್ದರು, ತೆಗೆದುಕೊಳ್ಳುವವರು ಮುಖ ತಗ್ಗಿಸಿ ತೆಗೆದುಕೊಳ್ಳುತ್ತಿದ್ದರು. ಮೇ 8ರ ಬೆಳಗಿನ ಜಾವ, ಜಾಲನಾದ ಉಕ್ಕಿನ ಕಾರ್ಖಾನೆಯಿಂದ ಊರಿಗೆ ಹೊರಟು ಔರಂಗಾಬಾದ್ ಸಮೀಪದ ಕರ್ಮಾಡದ ಹತ್ತಿರ ಹಳಿಯ ಮೇಲೆ ದಣಿದು ಮಲಗಿದ್ದ 16 ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹರಿಯಿತು. ಆ ಜಿಲ್ಲೆಯ ಇಂದಿನ ಹೆಸರೇ ಛತ್ರಪತಿ ಸಂಭಾಜಿನಗರ. ಅವರನ್ನು ಕೊಂದದ್ದು ವೈರಾಣುವಲ್ಲ. ಆಗಲೂ ಜಾರಿಯಲ್ಲಿದ್ದದ್ದು ಅದೇ 1897ರ ಕಾಯ್ದೆ.

ವೈರಾಣು ಜೀವಕೋಶವೇ ಅಲ್ಲ ಎಂಬುದನ್ನು ನಾನು ಆ ತಿಂಗಳುಗಳಲ್ಲೇ ಸರಿಯಾಗಿ ಓದಿ ತಿಳಿದೆ. ಪ್ಲೇಗಿನ ಬ್ಯಾಕ್ಟೀರಿಯಕ್ಕೆ ತನ್ನದೇ ಮನೆಯಿದೆ, ಒಲೆಯಿದೆ. ಅದನ್ನು ತುಪ್ಪದ ಹನಿಯ ಕೆಳಗೂ ಬೆಳೆಸಬಹುದು. ವೈರಾಣು ಬೇರೆಯವರ ಕೋಶ ಹೊಕ್ಕಲ್ಲದೆ ಬೆಳೆಯದು. ಬ್ಯಾಕ್ಟೀರಿಯವನ್ನು ಕೊಲ್ಲುವ ಮಾತ್ರೆ ವೈರಾಣುವಿಗೆ ತಾಗದಿರುವುದು ಇದಕ್ಕೇ: ಮಾತ್ರೆ ಹೊಡೆಯುವುದು ಬ್ಯಾಕ್ಟೀರಿಯದ ಗೋಡೆಗೆ, ಒಲೆಗೆ. ಮನೆಯೇ ಇಲ್ಲದವನ ಗೋಡೆ ಕೆಡವುವುದು ಹೇಗೆ? ಈ ಒಂದು ಸಂಗತಿ ಗೊತ್ತಿದ್ದರೆ ಸಾಮಾನ್ಯ ನೆಗಡಿಗೆ ಆಂಟಿಬಯೋಟಿಕ್ ಕೊಡಿ ಎಂದು ಔಷಧಿ ಅಂಗಡಿಯಲ್ಲಿ ಕೇಳುವುದು ನಿಲ್ಲುತ್ತದೆ. ಕಲಿತದ್ದರ ಲಾಭ ಹೀಗೆ ಸಣ್ಣದಾಗಿಯೇ ಇರುತ್ತದೆ.

2021ರಲ್ಲಿ ಲಸಿಕೆ ಬಂದಾಗ ಹುಬ್ಬಳ್ಳಿಯಿಂದ ಅವ್ವ ಫೋನು ಮಾಡಿದಳು, ತಗೊಳ್ಳಲೋ ಬ್ಯಾಡೋ ಎಂದು. ನಾನು ಆಗಷ್ಟೇ ಓದಿದ್ದನ್ನೆಲ್ಲ ಹೇಳಿದೆ. ಕೋಶ, ಪ್ರೋಟೀನು, ಭಕ್ಷಕ ಕೋಶ, ಹುಬ್ಬಳ್ಳಿಯ ಮೂವತ್ತು ಸಾವಿರ ಜನ. ತಾಳ್ಮೆಯಿಂದ ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ ಕೇಳಿದಳು:

“ಅದೆಲ್ಲ ಖರೆ ಇರಬಹುದಪಾ. ಚುಚ್ಚಾಕ ಬರೋ ಡಾಕ್ಟರು ತಾವು ಚುಚ್ಚಿಸಿಕೊಂಡಾರೇನು?”

ಹೌದು ಅವ್ವಾ, ಅವರೇ ಮೊದಲು ತಗೊಂಡಾರ ಎಂದೆ. ಮರುದಿನ ಓಣಿಯ ಇನ್ನಿಬ್ಬರು ಅಕ್ಕಂದಿರನ್ನು ಕರೆದುಕೊಂಡು ಹೋಗಿ ಹಾಕಿಸಿಕೊಂಡು ಬಂದಳು.